ಲಡ್ಲೋದ ಫೆದರ್ಸ್ ಹೋಟೆಲ್: ಮೊದಲು ರಸ್ತೆಯಾಚೆ ನಿಂತು ನೋಡಿ

ಇಂಗ್ಲೆಂಡಿನ ಶ್ರಾಪ್‌ಶೈರ್ ಕಡೆ ಹೋದರೆ ಲಡ್ಲೋದಲ್ಲಿರುವ ಫೆದರ್ಸ್ ಹೋಟೆಲನ್ನು ತಪ್ಪದೆ ನೋಡಿ. ರೂಮು, ಊಟ ಎಲ್ಲ ಆಮೇಲೆ. ಸೀದಾ ಬಾಗಿಲಿಗೆ ನುಗ್ಗಬೇಡಿ, ಎದುರಿನ ಫುಟ್‌ಪಾತ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

1619ರಲ್ಲಿ ರೀಸ್ ಜೋನ್ಸ್ ಅನ್ನೋ ವಕೀಲರು ಕಟ್ಟಿಸಿದ ಮನೆ ಇದು. 1670ರ ಸುಮಾರಿಗೆ ತಂಗುವ ಜಾಗವಾಯಿತು. ಇಡೀ ಮುಂಭಾಗ ಓಕ್ ಮರದ ಚೌಕಟ್ಟು. ಒಂದು ತೊಲೆಯ ತುದಿಯನ್ನು ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಮರದ ಬೆಣೆ ಬಡಿದು ಬಿಗಿ ಮಾಡೋದು ಆ ಕಾಲದ ಪದ್ಧತಿ. ಹಸಿ ಮರದಲ್ಲೇ ಕೆಲಸ ಮಾಡುತ್ತಿದ್ದರು, ಒಣಗುತ್ತಾ ಅದು ಇನ್ನೂ ಬಿಗಿಯಾಗುತ್ತದೆ, ಜೊತೆಗೆ ಅಲ್ಲಲ್ಲಿ ಸೊಟ್ಟಗೂ ಆಗುತ್ತದೆ, ಅದಕ್ಕೇ ಇಂಥ ಕಟ್ಟಡಗಳಲ್ಲಿ ನೇರ ಗೆರೆ ಹುಡುಕಬಾರದು.

ನನಗೆ ಜಾಸ್ತಿ ಹಿಡಿಸಿದ್ದು ತೊಲೆಗಳ ನಡುವಿನ ಕುಸುರಿ. ಚೌಕ ಚೌಕದಲ್ಲೂ ರಂಗೋಲಿ ಎಳೆಯ ಹಾಗೆ ಬಾಗಿದ ಮರದ ತುಂಡುಗಳು, ವಜ್ರದಾಕಾರಗಳು, ಕೆತ್ತಿದ ಮುಖಗಳು. ಇವುಗಳಲ್ಲಿ ಬಹಳಷ್ಟು ಭಾರ ಹೊರೋಕೆ ಬೇಕೇ ಇರಲಿಲ್ಲ, ಸುಮ್ನೆ ಚೆಂದಕ್ಕೆ, ಅಂತಸ್ತು ತೋರಿಸೋಕೆ. ಮೇಲೆ, ಮಾಡಿನ ಇಳಿಜಾರಿನ ಕೆಳಗೆ, ಮೂರು ತ್ರಿಕೋನ ಗೋಡೆಗಳು. ಹೆಸರಿಗೆ ಕಾರಣವಾದ ಗರಿಗಳ ಕೆತ್ತನೆಯೂ ಇದೆ, ಹುಡುಕಿ.

ಮುಂದಿನ ಬಾಲ್ಕನಿ ಮಾತ್ರ ಬಹಳ ಆಮೇಲೆ ಸೇರಿಸಿದ್ದು. ಫೋಟೋದಲ್ಲಿ ಚೆನ್ನಾಗೇ ಕಾಣುತ್ತೆ, ಆದರೆ ಅದು ಕೆಳಗಿನ ಕೆಲಸವನ್ನು ನೆರಳಿಗೆ ತಳ್ಳುತ್ತೆ ಅಲ್ವಾ ಅನಿಸಿತು. ಒಳಗೆ ಹೋದರೆ ಹಳೇ ಪ್ಲಾಸ್ಟರ್ ಚಾವಣಿ ಇರುವ ಕೋಣೆ ಕೇಳಿ ನೋಡಿ.