ಫಳಫಳ ಹೊಳೆಯುವ ಇಂಜೆಕ್ಟರ್ ನಂಬಿ 68,000 ಕಳೆದುಕೊಂಡೆ

ಮಂಡ್ಯ ಕಡೆ ಡೀಸೆಲ್ ಪಿಕಪ್ ಇಟ್ಟುಕೊಂಡಿರುವವರು ದಯವಿಟ್ಟು ಓದಿ. ನನ್ನದು ನಾಲ್ಕು ಸಿಲಿಂಡರ್‌ನ ಕಾಮನ್ ರೈಲ್ ಗಾಡಿ, ಅಂದರೆ ಎಲ್ಲಾ ಸಿಲಿಂಡರ್‌ಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹಂಚಿಕೆಯಾಗುವಂಥದ್ದು. ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ಹೋಗುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಏರು ಬಂದರೆ ಕಪ್ಪು ಹೊಗೆ. ಹತ್ತಿರದ ಗ್ಯಾರೇಜಿನವನು ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿದ. "ಕ್ಯಾಲಿಬ್ರೇಷನ್ ಮಾಡಿಸಿ ಹಾಕ್ತೀನಿ ಬುಡಣ್ಣ" ಎಂದ. ಅಂದರೆ ಡೀಸೆಲ್ ಬಿಡುವ ಅಳತೆ ಸರಿಮಾಡಿಸುವುದು. ಎರಡು ದಿನ, 9,000 ರೂಪಾಯಿ. ವಾಪಸ್ ಬಂದಾಗ ಬೆಳಗಿದ ಪಾತ್ರೆ ಥರ ಹೊಳೆಯುತ್ತಿದ್ದವು. ನಾನೂ ಖುಷಿಯಲ್ಲೇ ದುಡ್ಡು ಎಣಿಸಿದೆ.

ಗಾಡಿ ಸ್ಟಾರ್ಟ್ ಏನೋ ಆಯ್ತು. ಆದರೆ ಐಡಲ್‌ನಲ್ಲಿ ಟಕ ಟಕ ಸದ್ದು. "ಈಗ ತಾನೇ ಹಾಕಿದ್ದಲ್ವಾ, 500 ಕಿಲೋಮೀಟರ್ ಓಡ್ಸಣ್ಣ, ಸೆಟ್ ಆಗ್ತದೆ." ಓಡಿಸಿದೆ. ಮೂರನೇ ವಾರ ಲೋಡ್ ಸಮೇತ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಪವರ್ ಸತ್ತುಹೋಯ್ತು. ಆಯಿಲ್ ಮುಚ್ಚಳ ತೆಗೆದರೆ ಬುಸ್ ಬುಸ್ ಅಂತ ಹೊಗೆ. ಬಿಸಿಲಲ್ಲಿ ಬೆಲ್ಲ ಇನ್ನೊಂದು ಗಾಡಿಗೆ ಏರಿಸಿದ ಕಥೆ ಬೇಡ ಬಿಡಿ.

ಮೈಸೂರಿನಲ್ಲಿ ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ತಲೆ ಕರಗಿ, ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಆ ಸಿಲಿಂಡರಿನ ಇಂಜೆಕ್ಟರನ್ನು ಪಂಪ್ ಸರ್ವಿಸ್‌ನವರು (ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿಯವರು) ಟೆಸ್ಟ್ ಬೆಂಚ್ ಅನ್ನೋ ಅಳತೆ ಮೆಷಿನ್ನಿಗೆ ಕಟ್ಟಿ ಒತ್ತಡ ಕೊಟ್ಟರು. ಇಂಜೆಕ್ಟರ್ ತೆರೆಸುವ ಕಾಯಿಲ್‌ಗೆ (ತಂತಿ ಸುರುಳಿ) ಇನ್ನೂ ಕರೆಂಟೇ ಕೊಟ್ಟಿಲ್ಲ, ಡೀಸೆಲ್ ಚಿಮ್ಮುವ ನಾಜಲ್ ತುದಿಯಲ್ಲಿ ಹನಿ ಕಟ್ಟಿತು. ತೊಟ್ಟಿಕ್ಕಿತು. ಮತ್ತೆ ಕಟ್ಟಿತು. ಇಷ್ಟು ದಿನ ನನ್ನ ಪಿಸ್ಟನ್ ಮೇಲೆ ಬಿದ್ದು ಉರಿಯುತ್ತಿದ್ದದ್ದು ಇದೇ.

ಅಲ್ಲಿನ ಹಿರಿಯ ಮೆಕ್ಯಾನಿಕ್ ಬಿಡಿಸಿ ಹೇಳಿದರು. ಕರೆಂಟ್ ಬಂದಾಗ ಕಾಯಿಲ್ ಮ್ಯಾಗ್ನೆಟ್ ಆಗಿ ಒಂದು ಪುಟ್ಟ ವಾಲ್ವ್ ಎತ್ತುತ್ತದೆ. ನಾಜಲ್ ಮುಚ್ಚಿಕೊಂಡಿರುವ ಸೂಜಿಯ ಮೇಲಿನ ಒತ್ತಡ ಇಳಿಯುತ್ತದೆ, ಸೂಜಿ ಏಳುತ್ತದೆ, ಡೀಸೆಲ್ ಚಿಮ್ಮುತ್ತದೆ. ಎಲ್ಲಾ ಒಂದೆರಡು ಮಿಲಿಸೆಕೆಂಡಿನ ಆಟ. ಸದ್ದು ತಗ್ಗಲಿ ಅಂತ ಮೊದಲು ಬಿಡುವ ಪೈಲಟ್ ಹನಿ ಬರೀ 1-2 ಘನ ಮಿಲಿಮೀಟರ್. ತೊಳೆದರೆ ಕೊಳೆ ಹೋಗುತ್ತದೆ, ಸವೆತ ಹೋಗುತ್ತಾ? ಐಡಲ್, ಪೈಲಟ್, ಫುಲ್ ಲೋಡ್ ಮೂರರಲ್ಲೂ ಎಷ್ಟು ಚಿಮ್ಮಿತು, ಎಷ್ಟು ಚಿಮ್ಮದೆ ಟ್ಯಾಂಕಿನ ಕಡೆ ರಿಟರ್ನ್ ಹೋಯ್ತು ಅಂತ ಬೆಂಚಿನ ಮೇಲೆ ಅಳೆಯಬೇಕು. ಸವೆದದ್ದನ್ನು ಬದಲಿಸಿ, ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಹಾಕಿ, ಮತ್ತೆ ಅಳೆಯಬೇಕು. ಆ ಅಳತೆಗಳ ಪ್ರಿಂಟ್ ಬರುತ್ತದೆ. ಅದನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಅಲ್ಲಿ ಬೆಂಚೇ ಇಲ್ಲ ಅಂತ ತಿಳಿಯಿರಿ.

ಬಿಚ್ಚುವ ಮೊದಲೇ ಇಂಜೆಕ್ಟರ್ ತಲೆಯ ಮೇಲಿನ ಕೋಡ್‌ಗಳ (ಪ್ರತಿ ಇಂಜೆಕ್ಟರಿನ ಅಳತೆ ಹೇಳುವ ನಂಬರ್) ಫೋಟೋ ತೆಗೆದುಕೊಳ್ಳಿ. ಯಾವುದು ಯಾವ ಸಿಲಿಂಡರ್‌ಗೆ ಕೂತಿತೋ ಆ ಕೋಡನ್ನು ಸ್ಕ್ಯಾನರ್ ಹಾಕಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ ಬರೆಸಬೇಕು. ನನ್ನ ಗಾಡಿಯಲ್ಲಿ ಎರಡನೇ, ಮೂರನೇ ಸಿಲಿಂಡರಿನ ಇಂಜೆಕ್ಟರ್‌ಗಳು ಅದಲುಬದಲಾಗಿದ್ದವು, ಕೋಡ್ ಮಾತ್ರ ಹಳೆ ಜಾಗದಲ್ಲೇ. ಇಂಜೆಕ್ಟರ್ ಕೆಳಗೆ ಸೀಲ್ ಆಗಿ ಕೂರುವ ಕಾಪರ್ ವಾಷರ್ ಕೂಡ ಹೊಸದಲ್ಲ, ಗ್ಯಾರೇಜಿನವನು ಹಳೆಯದನ್ನೇ ತಿರುವಿ ಹಾಕಿದ್ದ.

ಅಂದಹಾಗೆ, ಅದೇ ಗ್ಯಾರೇಜಿನ ಹುಡುಗ ಎಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪ್ ನಟ್ ಸಡಿಲಿಸಿ ನೋಡಲು ಹೋಗಿದ್ದ. ಹಳೆ ಡೀಸೆಲ್ ಗಾಡಿಗಳ ಅಭ್ಯಾಸ ಅದು. ಕಾಮನ್ ರೈಲ್‌ನಲ್ಲಿ ಐಡಲ್‌ನಲ್ಲೇ ನೂರಾರು ಬಾರ್, ಲೋಡ್ ಬಿದ್ದರೆ ಸಾವಿರಕ್ಕೂ ಜಾಸ್ತಿ ಬಾರ್ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಯಾರನ್ನೂ ಮುಟ್ಟಲು ಬಿಡಬೇಡಿ.

ಎಂಜಿನ್ ಕೆಲಸಕ್ಕೆ 68,000 ಆಯ್ತು. ಗ್ಯಾರೇಜಿಗೆ ಹೋಗಿ ಕೇಳಿದೆ. "ಅವತ್ತು ಸ್ಟಾರ್ಟ್ ಆಗಿತ್ತಲ್ಲಣ್ಣ" ಎಂದ. ಜೇಬಿನಿಂದ ಅವನೇ ಕೊಟ್ಟಿದ್ದ ಬಿಳಿ ಚೀಟಿ ತೆಗೆದೆ. "ಇಂಜೆಕ್ಟರ್ ಕೆಲಸ 9,000" ಅಂತಷ್ಟೇ ಇತ್ತು. ಕ್ಯಾಲಿಬ್ರೇಷನ್ ಅನ್ನೋ ಪದವೇ ಇರಲಿಲ್ಲ.