ಸಾಗರದಲ್ಲಿ ಕಡುಬು ತಿನ್ನಬೇಕೆಂದರೆ ಈ ಹೋಟೆಲಿಗೇ ಹೋಗಿ

ಅಮ್ಮನ ಮನೆಗೆ ಹೋದಾಗಲೆಲ್ಲ ಒಂದು ಬೆಳಗ್ಗೆಯಾದರೂ ಇಲ್ಲಿ ತಿಂಡಿ ತಿನ್ನದೆ ನಾನು ಬೆಂಗಳೂರಿನ ಬಸ್ ಹತ್ತುವುದಿಲ್ಲ. ಸಾಗರದ ಪೇಟೆಯ ಸಣ್ಣ ಗಲ್ಲಿ, ಐದೇ ಮೇಜು, ಬೋರ್ಡೂ ಇಲ್ಲ. ಕಡುಬಿನ ಹೋಟೆಲು ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಕಡುಬು ಮುರಿದರೆ ಹಬೆ ಏಳುತ್ತದೆ, ಅಷ್ಟು ಬಿಸಿ. ಕಾಯಿ ಚಟ್ನಿಗೆ ಸೂಜಿಮೆಣಸು ಹಾಕುತ್ತಾರೆ, ಮಕ್ಕಳಿಗೆ ಖಾರ ಜಾಸ್ತಿಯಾದೀತು. ಮಳೆಗಾಲದಲ್ಲಿ ಪತ್ರೊಡೆ ಸಿಗುತ್ತದೆ. ಕಾಫಿ ಸಾಧಾರಣ, ಕಷಾಯ ಕೇಳಿ.

ಗಲ್ಲಾದ ಹಿಂದಿನ ಗೋಡೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಫೋಟೋ ಇದೆ. ಅದರ ಕೆಳಗಿನ ಹಲಗೆಯ ಮೇಲೆ ಭತ್ತ ಅಳೆಯುವ ಒಂದು ಹಳೆಯ ಮರದ ಕೊಳಗ. ಸುತ್ತ ಕಬ್ಬಿಣದ ಪಟ್ಟಿ, ಬಾಯಿಯ ಅಂಚು ಸವೆದು ನುಣುಪಾಗಿದೆ. ಹೋದ ಸಲ ನನ್ನ ಮಗಳು ಇದೇನು ಅಂತ ಕೇಳಿದಳು. ಯಜಮಾನರು ಕೆಳಗಿಳಿಸಿ, "ಕೈ ಹಾಕಿ ನೋಡು ಮಗಾ" ಅಂದರು. ಮೊಣಕೈ ತನಕ ಒಳಗೆ ಹೋಯಿತು.

ಅಂಥ ಪಾತ್ರೆಯಿಂದಲೇ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯ ಜಗಳ ಶುರುವಾದದ್ದು. ಗೇಣಿ ಎಂದು ರೈತರು ಜಮೀನಿನ ಒಡೆಯರಿಗೆ ಕೊಡುವ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದು. ಎಷ್ಟು ಕೊಳಗ ಎಂಬ ಲೆಕ್ಕ ಸರಿಯಾಗೇ ಇರುತ್ತಿತ್ತು, ರೈತನ ಕಣಜ ಮಾತ್ರ ಬರಿದಾಗುತ್ತಿತ್ತು. 1951ರ ಏಪ್ರಿಲ್‌ನಲ್ಲಿ ರೈತ ನಾಯಕ ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರಾಗಿದ್ದ ದೀವರ ಸಮುದಾಯದವರು ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿಗಳು ಜೊತೆಗೆ ನಿಂತರು, ಅವರ ರಾಷ್ಟ್ರ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ನಮ್ಮಜ್ಜನೂ ಗೇಣಿ ಮಾಡಿದವರು. ಕೊಳಗದ ಹೆಸರೆತ್ತಿದರೆ ಅಜ್ಜಿಯ ಮುಖ ಬಾಡುತ್ತಿತ್ತು.

ಮರುವರ್ಷವೇ ವಿಧಾನಸಭೆ ಚುನಾವಣೆ. ಗೋಪಾಲಗೌಡರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಕೈಯಲ್ಲಿ ದುಡ್ಡಿಲ್ಲ. ಒಂದು ವೋಟು ಕೊಡಿ, ಒಂದು ನೋಟೂ ಕೊಡಿ ಅಂತ ಜನರನ್ನೇ ಕೇಳಿದರು. ತಮ್ಮ ಅಪ್ಪ ರೂಪಾಯಿ ನೋಟು ಕೊಟ್ಟು ಬಂದದ್ದನ್ನು ಹೋಟೆಲಿನ ಯಜಮಾನರು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಗೌಡರು ಸಾಗರ-ಹೊಸನಗರದಿಂದ ಗೆದ್ದರು. 1957ರಲ್ಲಿ ಸೋತರು. 1962ರಲ್ಲಿ, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಒಮ್ಮೆಯೂ ಮಂತ್ರಿಯಾಗಲಿಲ್ಲ. ಉಳುವವನಿಗೇ ನೆಲ ಸಿಗಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿರಲಿ ಅಂತ ಸದನದಲ್ಲಿ ವಾದಿಸಿದರು. 1972ರ ಜೂನ್‌ನಲ್ಲಿ, 49ನೇ ವಯಸ್ಸಿಗೆ ತೀರಿಕೊಂಡರು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಭೂಸುಧಾರಣೆ ಕಾನೂನು ಗಟ್ಟಿಯಾದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಎರಡನ್ನೂ ಅವರು ನೋಡಲಿಲ್ಲ ಅನ್ನುವುದು ನನಗೆ ಇಂದಿಗೂ ಸಂಕಟ. ಅದೇ ಕಾಗೋಡಿನ ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಸ್ಪೀಕರ್ ಆದರಲ್ಲ, ಅದನ್ನು ನೆನೆದರೆ ಸ್ವಲ್ಪ ಸಮಾಧಾನ.

ಈ ಹೋಟೆಲಿನಲ್ಲಿ ಇಷ್ಟವಾಗುವುದು ಇದೇ. ಯಜಮಾನರು ಸುಮ್ನೆ ಫೋಟೋಕ್ಕೆ ಹಾರ ಹಾಕಿ ಬಿಟ್ಟಿಲ್ಲ. ಕೇಳಿದ ಪ್ರತಿ ಮಗುವಿಗೂ ಕೊಳಗ ಇಳಿಸಿ ಕೊಡುತ್ತಾರೆ, ಕಡುಬು ಬೇಯಿಸುವ ಗಡಿಬಿಡಿಯಲ್ಲೂ.

ಹತ್ತು ಗಂಟೆಗೆ ಕಡುಬು ಖಾಲಿ, ಎಂಟರೊಳಗೆ ಹೋಗಿ. ಕಾರು ನಿಲ್ಲಿಸಲು ಜಾಗವಿಲ್ಲ. ಸೋಮವಾರ ರಜೆ. ಕೊಳಗ ಮುಟ್ಟುವ ಮೊದಲು ಚಟ್ನಿಯ ಕೈ ತೊಳೆದುಕೊಳ್ಳಿ, ಯಜಮಾನರು ಅದೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತಾರೆ.