ಮಟನ್ ಸುಕ್ಕಾ ಬ್ರೌನ್ ಆಗ್ಲಿಕ್ಕೆ ಮೂರು ನಮೂನಿ ಮಾಡಿ ನೋಡಿದ್ನಿ

ನಮ್ಮ ಮನ್ಯಾಗ ದರ ರವಿವಾರ ಒಂದ ತಕರಾರು, ಸುಕ್ಕಾ ಯಾಕ ಬೂದಿ ಬಣ್ಣಕ್ಕ ಬರತೈತಿ ಅಂತ. ಹೋದ ವಾರ ಹುಬ್ಬಳ್ಳಿ ಪ್ಯಾಟ್ಯಾಗ ಒಂದೂವರಿ ಕೆಜಿ ಆಡಿನ ಮಟನ್ ತಂದು ಅರ್ಧರ್ಧ ಕೆಜಿ ಮೂರು ಪಾಲು ಮಾಡಿದ್ನಿ.

ಒಂದನೇ ಪಾಲು ನಾವು ಯಾವಾಗ್ಲೂ ಮಾಡೂವಂಗ, ತೊಳದು ನೀರು ಸೋರಕೋತನ ನಾನ್‌ಸ್ಟಿಕ್ ಕಡಾಯಿಗೆ ಅಷ್ಟೂ ಒಮ್ಮೆಲೆ ಸುರುವಿದ್ನಿ. ಐದ ನಿಮಿಷದಾಗ ಕಡಾಯಿ ತುಂಬ ನೀರು, ಮಟನ್ ಕುದ್ದು ಬೂದಿ. ಮತ್ತೇನಿಲ್ಲ, ನೀರು ಇರೂತನಕ ತುಂಡಿನ ಮೈ 100 ಡಿಗ್ರಿ ದಾಟಂಗಿಲ್ಲ, ಅಮೈನೋ ಆಮ್ಲ ಸಕ್ಕರಿ ಅಂಶ ಕೂಡಿ ಘಮ್ ಅನ್ನೂ ಬ್ರೌನ್ ಬಣ್ಣ ಜೋರಾಗಿ ಬರೂದು ಸುಮಾರು 140 ದಾಟಿದ ಮ್ಯಾಲೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಅನ್ನೋರು 1912ರಾಗ ಇದನ್ನ ಬರದಿಟ್ಟಾರ, ಅವರ ಹೆಸರಲೇನ ಕರೀತಾರ. ನಮ್ಮ ಜೋಳದ ರೊಟ್ಟಿ ಮ್ಯಾಲಿನ ಚುಕ್ಕಿನೂ ಇದರದ ಕೆಲಸ.

ಎರಡನೇ ಪಾಲು ಅರಿವೀಲೆ ಒರಸಿ, ಉಪ್ಪು ಸವರಿ, ತಾಟಿನ್ಯಾಗ ಬಿಡಿಬಿಡಿ ಇಟ್ಟು ರಾತ್ರಿಪೂರ್ತಿ ಫ್ರಿಜ್ಜಿನ್ಯಾಗ ಮುಚ್ಚದ ಬಿಟ್ನಿ. ಮುಂಜಾನೆ ಮೈ ಒಣಗಿ ಕಪ್ಪಗಾಗಿತ್ತು. ಮೂರನೇದ್ದು ಪ್ಲಾಸ್ಟಿಕ್ ಚೀಲದಾಗ ಗಂಟು ಕಟ್ಟಿದ್ದು, ಬಿಚ್ಚಿದ್ರ ಮ್ಯಾಲೆ ಕೆಂಪು, ತುಂಡಿಗೆ ತುಂಡು ಅಂಟಿದ್ದಲ್ಲಿ ಬ್ರೌನ್. ಅವ್ವ ನೋಡಿ "ಕೆಟ್ಟೈತಿ, ಚೆಲ್ಲು ಅದನ್ನ" ಅಂದ್ಲು. ನಾನು ಮೂಸಿ ನೋಡಿದ್ನಿ, ವಾಸನಿ ಇಲ್ಲ, ಲೋಳಿನೂ ಇಲ್ಲ. ಇದು ಬ್ಯಾರೇನ ಬ್ರೌನ್ ಬಿಡ್ರಿ, ಮಾಂಸದಾಗ ಮಯೋಗ್ಲೋಬಿನ್ ಅಂತ ಪ್ರೋಟೀನ್ ಇರತೈತಿ, ಅದರೊಳಗ ಕಬ್ಬಿಣ, ಆಕ್ಸಿಜನ್ ಚೊಲೋ ಸಿಕ್ರ ಅಚ್ಚ ಕೆಂಪು, ಪೂರ್ತಿ ಸಿಗಲಿಲ್ಲಂದ್ರ ನೇರಳಿ, ಅರೆಬರೆ ಸಿಕ್ಕಲ್ಲಿ ಆ ಕಬ್ಬಿಣ ಆಕ್ಸಿಡೈಜ್ ಆಗಿ ಕಂದು ತಿರಗತೈತಿ. ಕೆಟ್ಟದ್ದು ಗೊತ್ತಾಗೂದು ವಾಸನಿ, ಲೋಳಿಯಿಂದ, ಬಣ್ಣ ಒಂದನ್ನ ನಂಬಬಾರ್ದು. (ಚೀಲದ ತಳದಾಗಿನ ಕೆಂಪು ನೀರೂ ರಕ್ತ ಅಲ್ಲ, ಇದ ಪ್ರೋಟೀನ್ ಕಲ್ತ ನೀರು.)

ಒಣಗಿದ ಎರಡನೇ ಪಾಲನ್ನ ಕಾದ ಕಬ್ಬಿಣದ ಹಂಚಿನ್ಯಾಗ ಎಂಟೆಂಟ ತುಂಡು ಹಾಕಿದ್ನಿ, ಚೊರ್ ಅಂತು, ಎರಡು ನಿಮಿಷ ಸೌಟ ಮುಟ್ಟಸಲಿಲ್ಲ. ತಿರುವಿದ್ರ ಹುರದ ಶೇಂಗಾದ ಸಿಪ್ಪಿ ಬಣ್ಣ! ಬಣ್ಣಕ್ಕ ನೂರಕ್ಕ ನೂರು, ಆದ್ರ ಹೋತದ ಮಾಂಸ ನೋಡ್ರಿ, ಬರೇ ಹುರದ್ರ ಮೆತ್ತಗಾಗಂಗಿಲ್ಲ, ಅಪ್ಪನ ಹಲ್ಲಿಗೆ ಬರಲಿಲ್ಲ.

ಮೂರನೇದ್ದು ಕುಕ್ಕರಿನ್ಯಾಗ ನಾಕ ಸೀಟಿ ಹೊಡಿಸಿ, ರಸಾ ತಗದಿಟ್ಟು, ತುಂಡು ಆರಿಸಿ ಒರಸಿ ಅದ ಹಂಚಿಗೆ. ಕುಕ್ಕರ್ ಒಳಗ ಸುಮಾರು 120 ಡಿಗ್ರಿ, ಅಲ್ಲಿ ಬಣ್ಣ ಬರಲಿಲ್ಲ, ಬಂದಿದ್ದು ಹಂಚಿನ್ಯಾಗ. ತಗದಿಟ್ಟ ರಸಾ ಕಡೀಕ ಹಾಕಿ ಉಳ್ಳಾಗಡ್ಡಿ ಜೋಡಿ ಬತ್ತಿಸಿದ್ನಿ. ಎರಡನೇದ್ದಕ್ಕಿಂತ ಬಣ್ಣ ಒಂಚೂರು ಕಡಿಮಿ, ರೊಟ್ಟಿ ಜೋಡಿ ತಿನ್ನಲಿಕ್ಕೆ ಮಾತ್ರ ಇದ ಗೆದ್ದಿದ್ದು.

ನಡುವ ಮಿರ್ಚಿ ಬಜಿಗೆ ಹಾಕೂ ಸೋಡಾನೂ ನಾಕ ತುಂಡಿಗೆ ಸವರಿದ್ನಿ, ಕ್ಷಾರ ಇದ್ರ ಬ್ರೌನ್ ಲಗೂ ಆಗತೈತಿ ಅಂತ. ಲಗೂನ ಆತು, ಆದ್ರ ಕೈ ಜಾಸ್ತಿ ಆಗಿ ಸಾಬೂನು ತಿಂದಂಗ ಆತು. ಚೆಲ್ಲು ಅಂದಿದ್ದ ಮಟನ್ನಿನ ತಾಟು ಮಾತ್ರ ಅವ್ವನ ಖಾಲಿ ಮಾಡಿದ್ಲು.